ತಮ್ಮವರಿಗೆ ಕೊಟ್ಟದ್ದು ದಾನವಲ್ಲವೇ?

ಏಡ್ಸ್ ಪೀಡಿತರ ನೆರವಿಗೆ ನಿಂತ ಕಲಾವಿದರ ಪ್ರಸ್ತಾಪ ಬಂದಾಗ ಒಂದು ಅಭಿಪ್ರಾಯ ಸಲೀಸಾಗಿ ಹೊರಬೀಳುತ್ತದೆ. ಗಾಯಕ ಎಲ್ಟನ್ ಜಾನ್ ಪ್ರತಿಷ್ಠಾನ ಕಟ್ಟಿದರು, ಗಾಯಕ ಫ್ರೆಡಿ ಮರ್ಕ್ಯುರಿಯ ನೆನಪಿನಲ್ಲಿ ಅವರ ವಾದ್ಯತಂಡದ ಜೊತೆಗಾರರು ನಿಧಿ ಸ್ಥಾಪಿಸಿದರು, ನ್ಯೂಯಾರ್ಕಿನ ಬ್ರಾಡ್‌ವೇ ನಟರು ನಾಟಕ ಮುಗಿದ ಮೇಲೆ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತರು, ಎಲ್ಲವೂ ಸರಿ. ಆದರೆ ಅವರಲ್ಲಿ ಹೆಚ್ಚಿನವರು ಸಲಿಂಗಿಗಳು ಇಲ್ಲವೇ ಸಲಿಂಗಿಗಳ ಒಡನಾಡಿಗಳು. ಕಾಯಿಲೆ ಹಬ್ಬಿದ್ದೂ ಅವರ ನಡುವೆಯೇ. ತಮ್ಮ ಮನೆಗೆ ಬಿದ್ದ ಬೆಂಕಿಯನ್ನು ತಾವು ಆರಿಸಿಕೊಂಡರು. ಇದರಲ್ಲಿ ಪರೋಪಕಾರ ಎನ್ನುವಂಥದ್ದೇನಿದೆ? ಹೀಗೆ ಕೇಳುವವರೆಲ್ಲ ಸಲಿಂಗಿಗಳನ್ನು ದ್ವೇಷಿಸುವವರಲ್ಲ. ಅವರಲ್ಲಿ ಓದಿಕೊಂಡವರಿದ್ದಾರೆ, ಸಲಿಂಗಿಗಳ ಹಕ್ಕುಗಳನ್ನು ಒಪ್ಪುವವರಿದ್ದಾರೆ. ಹಾಗಾಗಿ ಈ ಅಭಿಪ್ರಾಯವನ್ನು ಪೂರ್ವಗ್ರಹವೆಂದು ಕರೆದು ಪಕ್ಕಕ್ಕೆ ಸರಿಸುವುದು ಸರಿಯಲ್ಲ. ಅದರ ಬೆನ್ನಿಗಿರುವ ತರ್ಕವನ್ನು ಮೊದಲು ಅದರ ಬಲವಾದ ರೂಪದಲ್ಲೇ ನೋಡಬೇಕು.

ಆ ತರ್ಕ ಹೀಗಿದೆ. ದಾನದ ಹಿರಿಮೆ ಕೊಡುವವನಿಗೂ ಪಡೆಯುವವನಿಗೂ ನಡುವಿನ ದೂರವನ್ನು ಅವಲಂಬಿಸಿದೆ. ಮಗನ ಆಸ್ಪತ್ರೆ ಖರ್ಚು ಕೊಟ್ಟ ತಂದೆಯನ್ನು ನಾವು ದಾನಿ ಎನ್ನುವುದಿಲ್ಲ; ಗುರುತು ಪರಿಚಯವಿಲ್ಲದವನ ಖರ್ಚು ಕೊಟ್ಟವನನ್ನು ಎನ್ನುತ್ತೇವೆ. ದೂರ ಕಡಿಮೆಯಾದಷ್ಟೂ ಕೊಡುವುದರಲ್ಲಿ ಸ್ವಹಿತ ಸೇರಿಕೊಳ್ಳುತ್ತದೆ. ಅದರ ಮೇಲೆ ಕೊಡುವವರು ಖ್ಯಾತ ಕಲಾವಿದರಾದರೆ ಪ್ರಚಾರದ ಲಾಭವೂ ಕೂಡಿಕೊಳ್ಳುತ್ತದೆ. ಹಣವಿದೆ, ಹೆಸರಿದೆ, ಸಂಕಟಕ್ಕೆ ಸಿಕ್ಕಿರುವುದು ತಮ್ಮದೇ ಜನ; ಇಂಥವರು ಕೊಡದೇ ಇದ್ದಿದ್ದರೆ ಅದು ತಪ್ಪಾಗುತ್ತಿತ್ತು, ಕೊಟ್ಟದ್ದು ಬರೀ ಕರ್ತವ್ಯ. ಮೇಲುನೋಟಕ್ಕೆ ಇದರಲ್ಲಿ ಬಿರುಕು ಕಾಣುವುದಿಲ್ಲ. ಆದರೆ ಎಳೆ ಬಿಡಿಸಿದರೆ ಮೂರು ಬೇರೆ ಬೇರೆ ಮಾತುಗಳು ಒಂದೇ ಮಾತಿನಂತೆ ಹೆಣೆದುಕೊಂಡಿರುವುದು ಗೊತ್ತಾಗುತ್ತದೆ:

1. ಏಡ್ಸ್ ಸಲಿಂಗಿಗಳ ಕಾಯಿಲೆ. ಆದ್ದರಿಂದ ಸಂಗ್ರಹಿಸಿದ ಹಣ ಹೋದದ್ದು ಅವರವರಿಗೇ.

2. ತನ್ನವರಿಗೆ ಕೊಡುವುದು ಸ್ವಹಿತ. ಸ್ವಹಿತದ ಕೆಲಸಕ್ಕೆ ನೈತಿಕ ಬೆಲೆ ಕಡಿಮೆ.

3. ಸಲಿಂಗಿ ಕಲಾವಿದರಿಗೆ ಇದು ಕರ್ತವ್ಯವಾಗಿತ್ತು. ಮಾಡಿದ್ದಕ್ಕೆ ಮೆಚ್ಚುಗೆ ಬೇಕಿಲ್ಲ, ಮಾಡದವರನ್ನು ದೂರಬಹುದು.

ಮೊದಲನೆಯದು ವಾಸ್ತವಕ್ಕೆ ಸಂಬಂಧಿಸಿದ್ದು, ಎರಡನೆಯದು ಉದ್ದೇಶಕ್ಕೆ, ಮೂರನೆಯದು ಹೊಣೆಗೆ. ಒಂದಕ್ಕೆ ಕೊಟ್ಟ ಸಾಕ್ಷ್ಯ ಇನ್ನೊಂದನ್ನು ಸಾಬೀತು ಮಾಡುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ: ಮೊದಲನೆಯದನ್ನು ಪ್ರಶ್ನಿಸಿದರೆ ವಾದ ಎರಡನೆಯದಕ್ಕೆ ಜಾರುತ್ತದೆ, ಅದನ್ನು ಪ್ರಶ್ನಿಸಿದರೆ ಮೂರನೆಯದಕ್ಕೆ.

ವಾಸ್ತವದಿಂದಲೇ ತೊಡಗೋಣ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರ ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾವನ್ನು ವರದಿ ಮಾಡಿತು. ಐವರೂ ಸಲಿಂಗಿಗಳಾಗಿದ್ದರು. ಕಾಯಿಲೆಗೆ ಹೆಸರೇ ಇಲ್ಲದ ಆ ದಿನಗಳಲ್ಲಿ ಸಲಿಂಗಿಗಳ ಗುರುತನ್ನೇ ಅದಕ್ಕೆ ಅಂಟಿಸಿದ ತಾತ್ಕಾಲಿಕ ಹೆಸರೊಂದು ಬಳಕೆಗೆ ಬಂತು. ಆದರೆ 1982 ಮುಗಿಯುವುದರೊಳಗೇ ಹಿಮೋಫಿಲಿಯಾ ಇದ್ದವರಲ್ಲಿ, ರಕ್ತ ಪಡೆದ ಹಸುಳೆಯಲ್ಲಿ, ಸೂಜಿಯ ಮೂಲಕ ಮಾದಕವಸ್ತು ಚುಚ್ಚಿಕೊಳ್ಳುತ್ತಿದ್ದವರಲ್ಲಿ ಅದೇ ಲಕ್ಷಣಗಳು ಕಂಡಿದ್ದವು. ಭಾರತದಲ್ಲಿ 1986ರಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಚೆನ್ನೈಯಲ್ಲಿ ಸೋಂಕನ್ನು ಮೊದಲು ಪತ್ತೆಹಚ್ಚಿದ್ದು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದಲ್ಲಿ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಹರಡಿದ್ದು ಗಂಡು ಹೆಣ್ಣಿನ ಸಂಪರ್ಕದಿಂದಲೇ. ಇಂದು ಜಗತ್ತಿನಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವ ಸುಮಾರು 4 ಕೋಟಿ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು ಮತ್ತು ಹುಡುಗಿಯರು. ಇಷ್ಟು ಹೇಳಿ, ಎದುರು ಪಕ್ಷದ ಸತ್ಯವನ್ನೂ ಒಪ್ಪಬೇಕು. 1980ರ ದಶಕದ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್ ನಗರಗಳಲ್ಲಿ ಸಾಯುತ್ತಿದ್ದವರಲ್ಲಿ ದೊಡ್ಡ ಪಾಲು ಸಲಿಂಗಿ ಪುರುಷರದೇ. ರಂಗಭೂಮಿ, ನೃತ್ಯ, ಸಂಗೀತ ಕ್ಷೇತ್ರಗಳು ಅದರಿಂದ ತತ್ತರಿಸಿದವು. ಅಂದರೆ ಮೊದಲನೇ ಮಾತು ಒಂದು ಕಾಲದ, ಕೆಲವು ಊರುಗಳ ವರ್ಣನೆಯಾಗಿ ನಿಜ. ಆದರೆ ಕಾಯಿಲೆಯೊಂದು ಒಂದು ಗುಂಪಿನಲ್ಲಿ ಮೊದಲು ಹರಡಿತು ಎನ್ನುವುದು ಬೇರೆ, ಅದು ಆ ಗುಂಪಿನ ಸ್ವತ್ತು ಎನ್ನುವುದು ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ವೈದ್ಯಶಾಸ್ತ್ರದಲ್ಲಿ ದಾರಿಯಿಲ್ಲ.

ಹಣ ಎಲ್ಲಿಗೆ ಹೋಯಿತು ಎಂಬುದನ್ನು ಹಿಂಬಾಲಿಸಿದರೂ ಈ ಮಾತು ನಿಲ್ಲುವುದಿಲ್ಲ. ಎಲ್ಟನ್ ಜಾನ್ ಅವರನ್ನು ಈ ಕೆಲಸಕ್ಕೆ ಎಳೆದದ್ದು ಸಲಿಂಗಿ ಗೆಳೆಯನೊಬ್ಬನ ಸಾವು ಮಾತ್ರವಲ್ಲ. ಇಂಡಿಯಾನಾ ರಾಜ್ಯದ ಕೊಕೊಮೊ ಊರಿನ ರಯಾನ್ ವೈಟ್ ಎಂಬ ಹುಡುಗನೂ ಅದಕ್ಕೆ ಕಾರಣ. ಹಿಮೋಫಿಲಿಯಾಕ್ಕೆ ಕೊಡುತ್ತಿದ್ದ ರಕ್ತೋತ್ಪನ್ನದಿಂದ ಅವನಿಗೆ ಸೋಂಕು ತಗಲಿತ್ತು. 1984ರ ಡಿಸೆಂಬರಿನಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ಕಾಯಿಲೆ ಗೊತ್ತಾಯಿತು. ಮರುವರ್ಷ ಅವನು ಓದುತ್ತಿದ್ದ ಶಾಲೆ ಅವನನ್ನು ಒಳಗೆ ಬಿಡಲಿಲ್ಲ. ಎಲ್ಟನ್ ಆ ಕುಟುಂಬದ ಸ್ನೇಹಿತರಾದರು. 1990ರ ಏಪ್ರಿಲ್ 8ರಂದು ಹದಿನೆಂಟರ ರಯಾನ್ ತೀರಿಕೊಂಡಾಗ ಅವನ ಅಂತ್ಯಕ್ರಿಯೆಯಲ್ಲಿ ಹಾಡಿದರು. 1992ರಲ್ಲಿ ಅಟ್ಲಾಂಟಾದಲ್ಲಿ, ಮರುವರ್ಷ ಲಂಡನ್ನಿನಲ್ಲಿ ಅವರ ಪ್ರತಿಷ್ಠಾನ ಹುಟ್ಟಿತು. ಅದು ಈವರೆಗೆ ಸಂಗ್ರಹಿಸಿದ 60 ಕೋಟಿ ಡಾಲರಿಗೂ ಹೆಚ್ಚು ಹಣದಲ್ಲಿ ಗಣನೀಯ ಪಾಲು ಆಫ್ರಿಕಾದ ದೇಶಗಳಿಗೆ ಹೋಗಿದೆ. ಸೋಂಕಿತ ತಾಯಂದಿರು, ಅವರ ಮಕ್ಕಳು, ಹದಿಹರೆಯದವರು ಅದರ ಫಲ ಪಡೆದವರಲ್ಲಿ ಸೇರಿದ್ದಾರೆ. ಜಾಂಜಿಬಾರಿನಲ್ಲಿ ಪಾರ್ಸಿ ಮನೆತನದಲ್ಲಿ ಫಾರೋಖ್ ಬುಲ್ಸಾರಾ ಆಗಿ ಹುಟ್ಟಿ, ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದ ಫ್ರೆಡಿ ಮರ್ಕ್ಯುರಿಯ ಹೆಸರಿನ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಕೂಡ ಹಾಗೆಯೇ: 1992ರ ಏಪ್ರಿಲ್ 20ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ 72,000 ಜನರೆದುರು ನಡೆದ ಸಂಗೀತ ಕಾರ್ಯಕ್ರಮದ ಆದಾಯದಿಂದ ಆರಂಭವಾದ ಅದು ಐವತ್ತಕ್ಕೂ ಹೆಚ್ಚು ದೇಶಗಳ ಕೆಲಸಗಳಿಗೆ ನೆರವಾಗಿದೆ. ಹಣ ಅವರವರಲ್ಲೇ ಸುತ್ತಿತು ಎನ್ನುವವರು ಈ ದೇಶಗಳ ಪಟ್ಟಿಯನ್ನು ನೋಡಿಲ್ಲ.

ಆದರೆ ಎರಡನೆಯ ಮಾತಿನ ಗಟ್ಟಿತನ ಹಣದ ಲೆಕ್ಕದ ಮೇಲೆ ನಿಂತಿಲ್ಲ. ಒಂದು ವೇಳೆ ಪ್ರತಿ ಡಾಲರೂ ಸಲಿಂಗಿಗಳಿಗೇ ಹೋಗಿದ್ದರೂ ಪ್ರಶ್ನೆ ಉಳಿಯುತ್ತದೆ: ತನ್ನವರಿಗೆ ಕೊಟ್ಟದ್ದು ಸ್ವಹಿತವೇ? ಇದನ್ನು ಪರೀಕ್ಷಿಸಲು ಅಮೆರಿಕದ್ದೇ ಇನ್ನೊಂದು ಕಾಯಿಲೆಯ ಚರಿತ್ರೆ ಎದುರಿಗಿದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ ಪೋಲಿಯೊಗೆ ತುತ್ತಾಗಿ ಕಾಲುಗಳ ಬಲ ಕಳೆದುಕೊಂಡರು. ಅಧ್ಯಕ್ಷರಾಗಿದ್ದಾಗ, 1938ರಲ್ಲಿ, ಪೋಲಿಯೊ ವಿರುದ್ಧ ರಾಷ್ಟ್ರೀಯ ಪ್ರತಿಷ್ಠಾನ ಸ್ಥಾಪಿಸಿದರು. ಹಾಸ್ಯನಟ ಎಡ್ಡಿ ಕ್ಯಾಂಟರ್ ರೇಡಿಯೊದಲ್ಲಿ ಕರೆಕೊಟ್ಟಾಗ ಹತ್ತು ಸೆಂಟಿನ ನಾಣ್ಯಗಳು ಲಕ್ಷಗಟ್ಟಲೆಯಾಗಿ ಶ್ವೇತಭವನಕ್ಕೆ ಬಂದವು. ಆ ಹಣ ವಿಜ್ಞಾನಿ ಸಾಕ್ ಅವರ ಲಸಿಕೆಯ ಸಂಶೋಧನೆಗೆ ಆಧಾರವಾಯಿತು. 1955ರಲ್ಲಿ ಲಸಿಕೆ ಬಂತು. ಪೋಲಿಯೊ ಪೀಡಿತನೊಬ್ಬ ಪೋಲಿಯೊ ಪೀಡಿತರಿಗೆ ಮಾಡಿದ್ದು, ಆದ್ದರಿಂದ ಅದು ಸ್ವಾರ್ಥ ಎಂದು ಯಾರೂ ಬರೆದಿಲ್ಲ. ನೋವನ್ನು ಸ್ವತಃ ಅನುಭವಿಸಿದವನು ಇತರರ ನೋವಿಗೆ ಮಿಡಿದ ಎಂದೇ ಬರೆದಿದ್ದಾರೆ. ಒಂದೇ ರೀತಿಯ ಕೆಲಸ, ಒಂದೇ ರೀತಿಯ ಹತ್ತಿರತನ. ಒಂದು ಕಡೆ ಅದು ಹೃದಯವಂತಿಕೆ, ಇನ್ನೊಂದು ಕಡೆ ಸ್ವಾರ್ಥ. ವ್ಯತ್ಯಾಸ ಕೆಲಸದಲ್ಲಿ ಇಲ್ಲದ ಮೇಲೆ ಅದು ಕೆಲಸ ಮಾಡಿದವರ ಬಗ್ಗೆ ನಾವು ಮೊದಲೇ ಇಟ್ಟುಕೊಂಡ ಭಾವನೆಯಲ್ಲೇ ಇರಬೇಕು.

ಸ್ವಹಿತ ಎಂದರೆ ಕೊಟ್ಟವನಿಗೆ ಏನಾದರೂ ಹಿಂದಿರುಗಬೇಕು. ಏನು ಹಿಂದಿರುಗಿತು? ಮೊದಲ ಔಷಧ ಎಝಡ್‌ಟಿಗೆ ಅನುಮತಿ ದೊರೆತದ್ದು 1987ರ ಮಾರ್ಚ್‌ನಲ್ಲಿ. ಜೀವ ನಿಜವಾಗಿ ಉಳಿಸಿದ ಸಂಯುಕ್ತ ಚಿಕಿತ್ಸೆ ಬಂದದ್ದು 1996ರಲ್ಲಿ. ಅದಕ್ಕೆ ಮುಂಚೆ ಕೊಟ್ಟವರಲ್ಲಿ ಅನೇಕರಿಗೆ ತಮ್ಮ ಹಣದಿಂದ ತಾವು ಬದುಕುವುದಿಲ್ಲ ಎಂಬುದು ಖಚಿತವಾಗಿ ಗೊತ್ತಿತ್ತು. ನಟ ರಾಕ್ ಹಡ್ಸನ್ ತಮಗೆ ಏಡ್ಸ್ ಇದೆಯೆಂದು 1985ರ ಜುಲೈನಲ್ಲಿ ಪ್ಯಾರಿಸ್ಸಿನಿಂದ ಪ್ರಕಟಿಸಿದರು, ಅಕ್ಟೋಬರ್ 2ರಂದು ತೀರಿಕೊಂಡರು. ನಡುವಿನ ಆ ಕೆಲವು ವಾರಗಳಲ್ಲಿ ಅವರು ಸಂಶೋಧನೆಗೆಂದು ಕೊಟ್ಟ 2.5 ಲಕ್ಷ ಡಾಲರ್ ಆಮ್‌ಫಾರ್ ಸಂಸ್ಥೆಯ ಹುಟ್ಟಿಗೆ ನೆರವಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕಪ್ಪು ಗಾಯಕ ಸಿಲ್ವೆಸ್ಟರ್ 1988ರ ಡಿಸೆಂಬರಿನಲ್ಲಿ ನಲವತ್ತೊಂದನೇ ವಯಸ್ಸಿನಲ್ಲಿ ಸತ್ತಾಗ ತಮ್ಮ ಹಾಡುಗಳ ಮುಂದಿನ ಗೌರವಧನವನ್ನೆಲ್ಲ ಎರಡು ಸಂಸ್ಥೆಗಳಿಗೆ ಬರೆದಿಟ್ಟಿದ್ದರು. ಒಂದು, ಬಾಡಿಗೆ ಕಟ್ಟಲಾಗದ ರೋಗಿಗಳಿಗೆ ತುರ್ತು ಹಣ ಕೊಡುವ ಏಡ್ಸ್ ಎಮರ್ಜೆನ್ಸಿ ಫಂಡ್. ಇನ್ನೊಂದು, ರೂತ್ ಬ್ರಿಂಕರ್ ಎಂಬ ಅಜ್ಜಿ ರೋಗಿಗಳಿಗೆ ತಾನೇ ಅಡುಗೆ ಮಾಡಿ ಒಯ್ಯುತ್ತ 1985ರಲ್ಲಿ ಶುರುಮಾಡಿದ ಪ್ರಾಜೆಕ್ಟ್ ಓಪನ್ ಹ್ಯಾಂಡ್. ಸಾಲಗಳು ತೀರಿ ಆ ಹಣ ಸಂಸ್ಥೆಗಳ ಕೈ ಸೇರಲು ಹಲವು ವರ್ಷಗಳೇ ಹಿಡಿದವು. ತಾನು ಕಾಣದ ಕಾಲದಲ್ಲಿ ಯಾರೋ ಉಣ್ಣಬೇಕಾದ ಊಟಕ್ಕೆ ಸಾಯುವವನು ಹಣ ಬರೆದಿಡುವುದನ್ನು ಸ್ವಹಿತ ಎಂದು ಕರೆದರೆ ಆ ಪದಕ್ಕೆ ಹೊರಗೆ ಉಳಿಯುವ ಕೆಲಸವೇ ಇರುವುದಿಲ್ಲ. ಎಲ್ಲವನ್ನೂ ಒಳಗೊಳ್ಳುವ ಆರೋಪ ಯಾರ ಮೇಲಿನ ಆರೋಪವೂ ಅಲ್ಲ.

ಪ್ರಚಾರದ ಲಾಭ? ಇಲ್ಲಿ ಕಾಲವನ್ನು ಬೇರ್ಪಡಿಸಿ ನೋಡಬೇಕು, ಏಕೆಂದರೆ ಈ ಆಕ್ಷೇಪ ಒಂದು ಕಾಲಕ್ಕೆ ಪೂರ್ತಿ ಸುಳ್ಳು, ಇನ್ನೊಂದು ಕಾಲಕ್ಕೆ ಸ್ವಲ್ಪ ಮಟ್ಟಿಗೆ ನಿಜ. 1991ರಲ್ಲಿ ನ್ಯೂಯಾರ್ಕಿನ ಕಲಾವಿದರು ರೂಪಿಸಿದ ಕೆಂಪು ರಿಬ್ಬನ್ ಟೋನಿ ಪ್ರಶಸ್ತಿ ಸಮಾರಂಭದಲ್ಲಿ ಕಾಣಿಸಿಕೊಂಡ ಮೇಲೆ ಅದು ಕ್ರಮೇಣ ಗಣ್ಯರ ಕೋಟಿನ ಅಲಂಕಾರವಾಯಿತು. ಆಸ್ಕರ್ ರಾತ್ರಿ ಎಲ್ಟನ್ ಜಾನ್ ಪ್ರತಿವರ್ಷ ಏರ್ಪಡಿಸುವ ಔತಣಕೂಟದಲ್ಲಿ ಕಾಣಿಸಿಕೊಳ್ಳುವುದು ಪ್ರತಿಷ್ಠೆಯ ವಿಷಯವಾಯಿತು. ಅಲ್ಲಿಗೆ ಬರುವ ಎಲ್ಲರೂ ಕರುಣೆಯಿಂದಲೇ ಬರುತ್ತಾರೆಂದು ನಾನು ವಾದಿಸುವುದಿಲ್ಲ. ಆದರೆ 1983ರಲ್ಲಿ, 1985ರಲ್ಲಿ ಏಡ್ಸ್ ಜೊತೆ ಹೆಸರು ಸೇರಿಸಿಕೊಳ್ಳುವುದು ಎಂದರೆ ಅವಕಾಶಗಳನ್ನು ಕಳೆದುಕೊಳ್ಳುವುದು. ಎಲಿಜಬೆತ್ ಟೇಲರ್ ಅವರಂಥ ಅತಿ ಪ್ರಸಿದ್ಧ ತಾರೆ 1985ರ ಸೆಪ್ಟೆಂಬರಿನಲ್ಲಿ ಏಡ್ಸ್ ನೆರವಿಗಾಗಿ ನಡೆದ ಔತಣಕ್ಕೆ ಸಹೋದ್ಯೋಗಿಗಳನ್ನು ಕರೆದಾಗ ಬಾಗಿಲುಗಳು ಮುಚ್ಚಿಕೊಂಡವೆಂದು ಅವರೇ ಹೇಳಿಕೊಂಡಿದ್ದಾರೆ. ಹಡ್ಸನ್ ಸುದ್ದಿ ಹೊರಬಿದ್ದ ಮೇಲೆ ಗಾಳಿ ತಿರುಗಿ, ಆ ಔತಣ 13 ಲಕ್ಷ ಡಾಲರ್ ಸಂಗ್ರಹಿಸಿತು. ಟೇಲರ್ ಅವರ ಮೇಲೆ ಸಲಿಂಗಿ ಎಂಬ ಶಂಕೆ ಬೀಳುವ ಭಯವಿರಲಿಲ್ಲ. ತನ್ನ ಲೈಂಗಿಕತೆಯನ್ನು ಮುಚ್ಚಿಟ್ಟು ಹೊಟ್ಟೆ ಹೊರೆಯುತ್ತಿದ್ದ ನಟನಿಗೆ ಅದೇ ವೇದಿಕೆ ಏರುವುದು ಎಷ್ಟು ದುಬಾರಿ ಎಂದು ಊಹಿಸಬಹುದು. ದಾನವನ್ನು ಕೊಟ್ಟವನು ತೆತ್ತ ಬೆಲೆಯಿಂದ ಅಳೆಯುವುದಾದರೆ ಸಲಿಂಗಿ ಕಲಾವಿದನ ದಾನ ಕಡಿಮೆ ತೂಗುವುದಿಲ್ಲ, ಹೆಚ್ಚು ತೂಗುತ್ತದೆ.

ಹತ್ತಿರತನವನ್ನು ದೋಷವೆಂದು ಕಾಣುವವರು ಅದರ ಇನ್ನೊಂದು ಗುಣವನ್ನು ಗಮನಿಸುವುದೇ ಇಲ್ಲ. ನನಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಅದೇ: ಹತ್ತಿರದಲ್ಲಿದ್ದವರಿಗೆ ಏನು ಬೇಕೆಂಬುದು ಗೊತ್ತಿತ್ತು. ಚಿತ್ರಕಥೆಗಾರ, ನಾಟಕಕಾರ ಲ್ಯಾರಿ ಕ್ರೇಮರ್ ಅವರ ಮನೆಯಲ್ಲಿ ಸೇರಿದವರ ಮಾತುಕತೆಯಿಂದ ಹುಟ್ಟಿ 1982ರ ಜನವರಿಯಲ್ಲಿ ರೂಪ ತಳೆದ ಗೇ ಮೆನ್ಸ್ ಹೆಲ್ತ್ ಕ್ರೈಸಿಸ್ ಸಂಸ್ಥೆ ಒಬ್ಬ ಸ್ವಯಂಸೇವಕನ ಮನೆಯ ಫೋನಿನಿಂದಲೇ ಸಹಾಯವಾಣಿ ಆರಂಭಿಸಿತು. ಮೊದಲ ರಾತ್ರಿಯೇ ನೂರಕ್ಕೂ ಹೆಚ್ಚು ಕರೆಗಳು ಬಂದವು. ಆಸ್ಪತ್ರೆಯಲ್ಲಿ ಊಟದ ತಟ್ಟೆಯನ್ನು ರೋಗಿಯ ಕೋಣೆಯ ಹೊರಗೇ ಇಟ್ಟುಹೋಗುತ್ತಿದ್ದ ಕಾಲದಲ್ಲಿ ಒಬ್ಬೊಬ್ಬ ರೋಗಿಗೂ ಒಬ್ಬ ಜೊತೆಗಾರನನ್ನು ಗೊತ್ತುಮಾಡುವ ಏರ್ಪಾಡನ್ನು ಅದು ರೂಪಿಸಿತು: ಬಟ್ಟೆ ಒಗೆಯಲು, ಔಷಧ ತರಲು, ಸುಮ್ಮನೆ ಪಕ್ಕದಲ್ಲಿ ಕೂರಲು. 1983ರ ಏಪ್ರಿಲಿನಲ್ಲಿ ಅದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ಇಡೀ ಸರ್ಕಸ್ ಪ್ರದರ್ಶನದ ಟಿಕೆಟ್ಟುಗಳನ್ನು ಕೊಂಡು ಮಾರಿ ಹಣ ಎತ್ತಿತು. ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಅಲ್ಲಿ ರಾಷ್ಟ್ರಗೀತೆಯ ವಾದ್ಯವೃಂದವನ್ನು ನಡೆಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸನ್ಯಾಸಿನಿಯರ ವೇಷ ತೊಟ್ಟು ಬೀದಿಯಲ್ಲಿ ಪ್ರದರ್ಶನ ಕೊಡುತ್ತಿದ್ದ ಸಿಸ್ಟರ್ಸ್ ಆಫ್ ಪರ್ಪೆಚುವಲ್ ಇಂಡಲ್ಜೆನ್ಸ್ ತಂಡ 1982ರಲ್ಲೇ, ವೈರಾಣು ಪತ್ತೆಯಾಗುವ ಮುಂಚೆ, ಸುರಕ್ಷಿತ ಲೈಂಗಿಕತೆಯ ಬಗ್ಗೆ ನೇರ ಭಾಷೆಯ ಕೈಪಿಡಿ ಹಂಚಿತು. ಯಾವ ಸರ್ಕಾರಿ ಇಲಾಖೆಗೂ ಆಗ ಆ ಭಾಷೆಯೂ ಇರಲಿಲ್ಲ, ಆ ಧೈರ್ಯವೂ ಇರಲಿಲ್ಲ.

ಬ್ರಾಡ್‌ವೇ ಉದಾಹರಣೆಯಲ್ಲಿ ಇದು ಇನ್ನೂ ಸ್ಪಷ್ಟ. ನಟರ ಸಂಘವಾದ ಆ್ಯಕ್ಟರ್ಸ್ ಈಕ್ವಿಟಿ 1987ರಲ್ಲಿ ಒಂದು ನಿಧಿ ತೆರೆಯಿತು, ನಿರ್ಮಾಪಕರು 1988ರಲ್ಲಿ ಇನ್ನೊಂದನ್ನು. 1992ರಲ್ಲಿ ಎರಡೂ ಒಂದಾದವು. ರಂಗಭೂಮಿಗೇ ಪ್ರತ್ಯೇಕ ನಿಧಿ ಏಕೆ ಬೇಕಾಯಿತು? ಅಮೆರಿಕದಲ್ಲಿ ವೈದ್ಯಕೀಯ ವಿಮೆ ಉದ್ಯೋಗಕ್ಕೆ ಅಂಟಿಕೊಂಡಿದೆ, ನಟನ ವಿಮೆ ಅವನು ವರ್ಷದಲ್ಲಿ ಎಷ್ಟು ವಾರ ಕೆಲಸ ಮಾಡಿದ ಎಂಬುದಕ್ಕೆ. ಕಾಯಿಲೆ ಬಿದ್ದವನಿಗೆ ವೇದಿಕೆ ಏರಲಾಗದು. ಏರದಿದ್ದರೆ ವಾರಗಳು ಕಡಿಮೆಯಾಗುತ್ತವೆ. ವಾರಗಳು ಕಡಿಮೆಯಾದರೆ ಚಿಕಿತ್ಸೆ ಅತಿ ಅಗತ್ಯವಾದ ಹೊತ್ತಿನಲ್ಲೇ ವಿಮೆ ಕೈಬಿಡುತ್ತದೆ. ಈ ವಿಷಚಕ್ರ ಹೊರಗಿನ ದಾನಿಗೆ ಕಾಣುವುದಿಲ್ಲ. ಪಕ್ಕದ ಬಣ್ಣದ ಕೋಣೆಯಲ್ಲಿ ಕೂತವನಿಗೆ ಕಾಣುತ್ತದೆ. ನಾಟಕ ಮುಗಿದು ಪ್ರೇಕ್ಷಕರು ಏಳುವ ಮುಂಚೆ ನಟರೇ ಮನವಿ ಮಾಡಿ, ಕೆಂಪು ಬಕೆಟ್ ಹಿಡಿದು ಬಾಗಿಲಲ್ಲಿ ನಿಲ್ಲುವ ಪದ್ಧತಿ ಅಲ್ಲಿಂದ ಬಂತು. ಆ ಸಂಸ್ಥೆ ಈವರೆಗೆ 30 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿದೆ; ಅದರ ನೆರವು ಅಮೆರಿಕದ ಐವತ್ತೂ ರಾಜ್ಯಗಳ ಸಂಸ್ಥೆಗಳಿಗೆ ತಲುಪುತ್ತದೆ. ತಮ್ಮವರ ಸಂಕಟದಿಂದ ಕಲಿತದ್ದನ್ನು ತಮ್ಮವರಲ್ಲದವರಿಗೂ ಒದಗಿಸಿದರು ಎನ್ನುವುದು ಇದರ ಸರಿಯಾದ ವರ್ಣನೆ.

ತಮ್ಮವರಿಗೆ ಮಾತ್ರ ಮಿಡಿಯುವವರು ಎಂಬ ಆರೋಪಕ್ಕೆ ಬ್ರಿಟನ್ನಿನ ಒಂದು ಘಟನೆ ನೇರವಾಗಿ ಅಡ್ಡ ನಿಲ್ಲುತ್ತದೆ. 1984ರ ಡಿಸೆಂಬರ್ 10ರಂದು, ಏಡ್ಸ್ ಭೀತಿ ಬ್ರಿಟಿಷ್ ಪತ್ರಿಕೆಗಳಲ್ಲಿ ಉರಿಯುತ್ತಿದ್ದ ಹೊತ್ತಿನಲ್ಲಿ, ತಾವು ಸಲಿಂಗಿಗಳೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಬ್ರಾನ್‌ಸ್ಕಿ ಬೀಟ್ ವಾದ್ಯತಂಡ ಲಂಡನ್ನಿನ ಕ್ಯಾಮ್ಡೆನ್ನಿನಲ್ಲಿ ಹಾಡಿ ಐದು ಸಾವಿರ ಪೌಂಡಿಗೂ ಹೆಚ್ಚು ಹಣ ಸಂಗ್ರಹಿಸಿಕೊಟ್ಟಿತು. ಹಣ ಹೋದದ್ದು ಮುಷ್ಕರ ಹೂಡಿದ್ದ ದಕ್ಷಿಣ ವೇಲ್ಸಿನ ಕಲ್ಲಿದ್ದಲು ಕಾರ್ಮಿಕರ ಕುಟುಂಬಗಳಿಗೆ. ಅದನ್ನು ಏರ್ಪಡಿಸಿದ ಸಲಿಂಗಿಗಳ ಗುಂಪಿನ ಮುಖಂಡ ಮಾರ್ಕ್ ಆ್ಯಷ್ಟನ್ 1987ರ ಫೆಬ್ರವರಿಯಲ್ಲಿ ಇಪ್ಪತ್ತಾರನೇ ವಯಸ್ಸಿಗೆ ಏಡ್ಸ್‌ನಿಂದ ತೀರಿಕೊಂಡರು. ಗಣಿ ಕಾರ್ಮಿಕರು ಅವರಿಗೆ ಯಾವ ಲೆಕ್ಕದಲ್ಲಿ ತಮ್ಮವರು?

ಇನ್ನು ಮೂರನೆಯ ಮಾತು, ಕರ್ತವ್ಯದ್ದು. ಇದು ಮೂರರಲ್ಲಿ ಅತ್ಯಂತ ಗೌರವಯುತವಾಗಿ ಕಾಣುವಂಥದ್ದು, ಆದರೆ ಅತ್ಯಂತ ಅನ್ಯಾಯದ್ದು. ಮೊದಲಿಗೆ, ಅದು ಎರಡನೆಯ ಮಾತಿನ ಜೊತೆ ಹೊಂದುವುದಿಲ್ಲ. ಸಲಿಂಗಿಯಾದ ಮಾತ್ರಕ್ಕೆ ಏಡ್ಸ್ ದಾನ ಸ್ವಹಿತವಾಗುವುದಾದರೆ ಪ್ರತಿಯೊಬ್ಬ ಸಲಿಂಗಿ ಕಲಾವಿದನೂ ತಾನಾಗಿ ಕೊಡಬೇಕಿತ್ತು. ಕರ್ತವ್ಯದ ಒತ್ತಾಯವೇ ಬೇಕಿರಲಿಲ್ಲ. ಆದರೆ ಎಲ್ಟನ್ ಜಾನ್ ಅವರೇ 2012ರ ತಮ್ಮ ಪುಸ್ತಕದಲ್ಲಿ, ಗೆಳೆಯರು ಒಬ್ಬೊಬ್ಬರಾಗಿ ಸಾಯುತ್ತಿದ್ದ 1980ರ ದಶಕವನ್ನು ಮಾದಕವಸ್ತುಗಳ ಅಮಲಿನಲ್ಲಿ ಕಳೆದೆ, ಮಾಡಬೇಕಾದಷ್ಟನ್ನು ಮಾಡಲಿಲ್ಲ ಎಂದು ಪಶ್ಚಾತ್ತಾಪಪಟ್ಟಿದ್ದಾರೆ. ಹತ್ತಿರತನ ಯಾರನ್ನೂ ಕೈಹಿಡಿದು ದಾನಕ್ಕೆ ಎಳೆದೊಯ್ಯುವುದಿಲ್ಲ. ಹತ್ತಿರವಿದ್ದೂ ಮುಖ ತಿರುಗಿಸಬಹುದು, ತಿರುಗಿಸಿದವರಿದ್ದರು. ಹಾಗಾದರೆ ತಿರುಗಿಸದೆ ನಿಂತದ್ದು ಆಯ್ಕೆ, ಆಯ್ಕೆಗೆ ಮೆಚ್ಚುಗೆ ಸಲ್ಲಬೇಕು. ಪಿಯಾನೊ ವಾದಕ ಲಿಬರಾಚಿ ತಮ್ಮನ್ನು ಸಲಿಂಗಿ ಎಂದು ಸೂಚಿಸಿದ ಪತ್ರಿಕೆಯ ಮೇಲೆ 1959ರಲ್ಲಿ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಗೆದ್ದಿದ್ದರು; 1987ರ ಫೆಬ್ರವರಿಯಲ್ಲಿ ಏಡ್ಸ್‌ನಿಂದ ಸತ್ತಾಗಲೂ ಕಾರಣವನ್ನು ಮುಚ್ಚಿಡುವ ಯತ್ನ ನಡೆಯಿತು. ಅವರ ಪ್ರತಿಷ್ಠಾನ ಸಂಗೀತ ಮತ್ತು ಕಲೆಯ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಸಂಗೀತಗಾರ ಸಂಗೀತ ವಿದ್ಯಾರ್ಥಿಗಳಿಗೆ ಕೊಟ್ಟದ್ದು ತನ್ನವರಿಗೆ ಕೊಟ್ಟದ್ದೇ; ಅದನ್ನು ಉದಾರತೆ ಎಂದು ಎಲ್ಲರೂ ಒಪ್ಪುತ್ತಾರೆ.

ಕರ್ತವ್ಯದ ವಾದದ ಹರಿತವಾದ ರೂಪವೊಂದಿದೆ, ಅದನ್ನು ತಪ್ಪಿಸಿ ಮುಂದೆ ಹೋಗಲಾಗದು. ಫ್ರೆಡಿ ಮರ್ಕ್ಯುರಿ ತಮಗೆ ಏಡ್ಸ್ ಇದೆಯೆಂದು ಪ್ರಕಟಿಸಿದ್ದು 1991ರ ನವೆಂಬರ್ 23ರಂದು, ಮರುದಿನ ತೀರಿಕೊಂಡರು. ಎರಡು ಮೂರು ವರ್ಷ ಮೊದಲೇ ಹೇಳಿದ್ದರೆ ಎಷ್ಟೋ ಜನ ಎಚ್ಚೆತ್ತುಕೊಳ್ಳುತ್ತಿದ್ದರು, ಎಷ್ಟೋ ಹಣ ಕೂಡುತ್ತಿತ್ತು, ಕಳಂಕ ಸ್ವಲ್ಪವಾದರೂ ಕರಗುತ್ತಿತ್ತು ಎಂದು ಆಗಲೇ ಟೀಕಿಸಿದವರಿದ್ದರು, ಅವರಲ್ಲಿ ಸಲಿಂಗಿ ಹೋರಾಟಗಾರರೂ ಇದ್ದರು. ಪರಿಣಾಮದ ಲೆಕ್ಕದಲ್ಲಿ ಅವರ ಮಾತು ನಿಜವಿರಬಹುದು. ಹಡ್ಸನ್ ಪ್ರಕಟಣೆ ಎಷ್ಟು ಬದಲಾವಣೆ ತಂದಿತೆಂಬುದು ನಮ್ಮ ಕಣ್ಣೆದುರಿಗಿದೆ. ಆದರೆ ಹಾಗೆ ಮಾಡಿದ್ದರೆ ಒಳ್ಳೆಯದಾಗುತ್ತಿತ್ತು ಎಂಬುದರಿಂದ ಹಾಗೆ ಮಾಡುವುದು ಅವರ ಹೊಣೆಯಾಗಿತ್ತು ಎಂದು ಬರುವುದಿಲ್ಲ. ಅದು 28ನೇ ಕಲಮಿನ ಬ್ರಿಟನ್; ಸ್ಥಳೀಯ ಸಂಸ್ಥೆಗಳು ಸಲಿಂಗತೆಯನ್ನು ಪ್ರೋತ್ಸಾಹಿಸಬಾರದೆಂದು 1988ರಲ್ಲಿ ಕಾನೂನನ್ನೇ ಮಾಡಿದ ದೇಶ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ರಾಜ್ಯ ಕಾನೂನನ್ನು ಎತ್ತಿಹಿಡಿದಿತ್ತು. ಬಾಯಿ ಬಿಟ್ಟರೆ ಶಿಕ್ಷಿಸುವ ವ್ಯವಸ್ಥೆಯನ್ನು ಕಟ್ಟಿಟ್ಟ ಸಮಾಜ, ಸಾಯುತ್ತಿರುವವನ ಹಾಸಿಗೆಯ ಬಳಿ ನಿಂತು ನೀನು ಮೊದಲೇ ಬಾಯಿ ಬಿಡಬೇಕಿತ್ತು ಎಂದು ಹೇಳುವ ಅಧಿಕಾರವನ್ನು ಕಳೆದುಕೊಂಡಿರುತ್ತದೆ. ಜೊತೆಯಲ್ಲೇ ಹೋರಾಡುತ್ತಿದ್ದ ಸಲಿಂಗಿಗಳು ಆ ಮಾತನ್ನು ದುಃಖದಿಂದ ಆಡಬಹುದಿತ್ತು. ಹೊರಗೆ ನಿಂತು ನೋಡಿದ ನಾವು ಆಡಲಾಗದು.

ಇದೇ ವಾದದ ಒಳಗಿರುವ ಅಸಮತೆಯನ್ನೂ ಗಮನಿಸಬೇಕು. 1985ರಲ್ಲಿ ಡಯಾನ್ ವಾರ್‌ವಿಕ್, ಗ್ಲಾಡಿಸ್ ನೈಟ್, ಸ್ಟೀವಿ ವಂಡರ್ ಮತ್ತು ಎಲ್ಟನ್ ಜಾನ್ ಸೇರಿ ಹಾಡಿದ ಒಂದೇ ಒಂದು ಹಾಡಿನಿಂದ ಆಮ್‌ಫಾರ್‌ಗೆ 30 ಲಕ್ಷ ಡಾಲರಿನಷ್ಟು ಹಣ ಬಂತು. ಹಾಡು ಒಂದು, ಮೈಕು ಒಂದು, ಹಣ ಹೋದ ಸಂಸ್ಥೆ ಒಂದು. ನಾವು ಚರ್ಚಿಸುತ್ತಿರುವ ಅಭಿಪ್ರಾಯದ ಪ್ರಕಾರ ಆ ನಾಲ್ವರಲ್ಲಿ ಮೂವರು ಕರುಣೆ ತೋರಿದರು, ನಾಲ್ಕನೆಯವರು ಋಣ ತೀರಿಸಿದರು. ಹೀಗೆ ವಿಂಗಡಿಸಲು ಆ ಹಾಡಿನಲ್ಲಾಗಲಿ, ಹಣದಲ್ಲಾಗಲಿ, ಅದು ತಲುಪಿದ ರೋಗಿಗಳಲ್ಲಾಗಲಿ ಯಾವ ಆಧಾರವೂ ಸಿಗುವುದಿಲ್ಲ.

ಒಂದು ಗಂಭೀರ ಆಕ್ಷೇಪ ಉಳಿದಿದೆ. ಖ್ಯಾತರ ದಾನ ಖ್ಯಾತರ ಕಣ್ಣಿಗೆ ಬಿದ್ದ ಕಡೆಗೆ ಹರಿಯುತ್ತದೆ. ಮನ ಕರಗಿಸುವ ಮುಖಗಳಿಗೆ ಮೊದಲು ಸಿಗುತ್ತದೆ. ರಯಾನ್ ವೈಟ್ ಬಿಳಿಯ ಹುಡುಗ, ರಕ್ತದಿಂದ ಸೋಂಕು ತಗಲಿದವನು. ಅವನನ್ನು ಮುಂದಿಟ್ಟಾಗ ಉಳಿದವರೆಲ್ಲ ತಪ್ಪಿತಸ್ಥರು ಎಂಬ ಅರ್ಥ ತಾನಾಗಿ ಹುಟ್ಟಿತು. ಸೂಜಿಯಿಂದ ಸೋಂಕು ತಗಲಿದ ಬಡ ಕಪ್ಪು ಹೆಂಗಸಿಗೆ ಔತಣಕೂಟಗಳ ಹಣ ತಡವಾಗಿ ತಲುಪಿತು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ರಯಾನ್ ಮತ್ತು ಅವನ ತಾಯಿ ಅಮಾಯಕ ಬಲಿಪಶು ಎಂಬ ಹಣೆಪಟ್ಟಿಯನ್ನು ಸ್ಪಷ್ಟವಾಗಿ ನಿರಾಕರಿಸಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಆದರೆ ಈ ಆಕ್ಷೇಪ ದಾನಿಯ ಲೈಂಗಿಕತೆಯ ಮೇಲಿನದಲ್ಲ, ಖ್ಯಾತಿಯನ್ನು ನೆಚ್ಚಿದ ದಾನಪದ್ಧತಿಯ ಮೇಲಿನದು. ಕ್ರಿಕೆಟಿಗನ ಪ್ರತಿಷ್ಠಾನಕ್ಕೂ ಉದ್ಯಮಿಯ ಟ್ರಸ್ಟಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಅದಕ್ಕೆ ಪರಿಹಾರ ದಾನಿಯ ಉದ್ದೇಶವನ್ನು ಕೆದಕುವುದರಲ್ಲಿಲ್ಲ. ಯಾರ ಕಣ್ಣಿಗೆ ಬಿದ್ದರೂ ಬೀಳದಿದ್ದರೂ ಪ್ರತಿ ರೋಗಿಗೂ ಚಿಕಿತ್ಸೆ ಕೊಡಬೇಕಾದವರ ಹೊಣೆಯನ್ನು ಎತ್ತಿ ಹೇಳುವುದರಲ್ಲಿದೆ.

ಆ ಹೊಣೆ ಸರ್ಕಾರದ್ದು. ಅಧ್ಯಕ್ಷ ರೇಗನ್ ಏಡ್ಸ್ ಕುರಿತು ತಮ್ಮ ಮೊದಲ ಪೂರ್ಣ ಭಾಷಣ ಮಾಡಿದ್ದು 1987ರ ಮೇ 31ರಂದು, ಅದೂ ಆಮ್‌ಫಾರ್ ಏರ್ಪಡಿಸಿದ ಔತಣದಲ್ಲಿ. ಅಷ್ಟರಲ್ಲಿ 20,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ಸಲಿಂಗಿ ಕಲಾವಿದರು ತಮ್ಮವರಿಗೆ ತಾವೇ ಮಾಡಿಕೊಂಡರು ಎನ್ನುವಾಗ ಈ ಆರು ವರ್ಷಗಳನ್ನು ಬಿಟ್ಟು ಮಾತಾಡುತ್ತೇವೆ. ಬೇರೆ ಯಾರೂ ಮಾಡದೇ ಇದ್ದದ್ದರಿಂದ ಅವರು ಮಾಡಿದರು. ಕುಟುಂಬಗಳು ಬಾಗಿಲು ಹಾಕಿಕೊಂಡವು, ಸರ್ಕಾರ ಮೌನವಾಗಿತ್ತು. ರೋಗಿಗಳನ್ನು ತಮ್ಮವರು ಎಂದು ಹೇಳುವವರು ಅವರ ಹೊರತು ಉಳಿದಿರಲಿಲ್ಲ. ಎಲ್ಟನ್ ಜಾನ್ ಕೂಡ ಖಾಸಗಿ ದಾನದಿಂದ ಇದು ಮುಗಿಯುವ ಕೆಲಸವೆಂದು ಎಂದೂ ಹೇಳಲಿಲ್ಲ. 2002ರ ಏಪ್ರಿಲಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯೆದುರು ಕೂತು ಸರ್ಕಾರವೇ ಹಣ ಕೊಡಬೇಕೆಂದು ಕೇಳಿದರು. 2003ರಲ್ಲಿ ಅಧ್ಯಕ್ಷ ಬುಷ್ ಆರಂಭಿಸಿದ, ಬೇರೆ ದೇಶಗಳ ಏಡ್ಸ್ ಪೀಡಿತರಿಗೆ ನೆರವಾಗುವ ಪೆಪ್‌ಫಾರ್ ಯೋಜನೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ 10,000 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಎಲ್ಟನ್ ಪ್ರತಿಷ್ಠಾನ ಮೂರು ದಶಕಗಳಲ್ಲಿ ಕೂಡಿಸಿದ್ದು ಅದರ ನೂರನೇ ಒಂದು ಭಾಗವೂ ಅಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿದಾಗ ಆಫ್ರಿಕಾದಲ್ಲಿ ಚಿಕಿತ್ಸಾಲಯಗಳು ಬಾಗಿಲು ಮುಚ್ಚಿದವು, ಔಷಧಕ್ಕೆ ಬಂದವರು ಬರಿಗೈಯಲ್ಲಿ ಹಿಂದಿರುಗಿದರು. ಆ ಕೊರತೆಯನ್ನು ತುಂಬುವಷ್ಟು ಹಣ ಜಗತ್ತಿನ ಯಾವ ಗಾಯಕನ ನಿಧಿಯಲ್ಲೂ ಇಲ್ಲ.